ಹಲಗೆಯ ನಾಲ್ಕು ಕಚ್ಚು

"ಇದು ಪಾತಿ ದೋಣಿ ಮಾರಾಯ್ತಿ, ಬಾರ್ಜ್ ಅಲ್ಲ! ನಿನ್ನ ಹತ್ತಿಸ್ಕಂಡ್ರೆ ಚಿಪ್ಪಿ ಹಾಕೂಕೆ ಜಾಗ ಎಲ್ಲದೆ? ನಿನ್ನೇ ಬುಟ್ಟೀಲಿ ತುಂಬಿ ಮಾರ್ಬೇಕಷ್ಟೆ."

ಹೊನ್ನಮ್ಮತ್ತೆ ಇದನ್ನು ಹೇಳಿದ್ದು ಹೊಳೆಯ ದಂಡೆಯ ಮೇಲೆ, ಬೆಳಗಿನ ಇಳಿತಕ್ಕೆ ಹೊರಟು ನಿಂತ ಹತ್ತು ಹನ್ನೆರಡು ಹೆಂಗಸರ ಎದುರಿಗೆ. ಹೇಳಿದ್ದು ನನ್ನ ತಾಯಿ ಮಂಜಿಗೆ. ನಾವು ಅವಳನ್ನು ಅವ್ವಿ ಅನ್ನುತ್ತೇವೆ. ಎಲ್ಲರೂ ನಕ್ಕರು. ಚಿಪ್ಪಿಕಲ್ಲು ಕೊಳ್ಳಲು ಬರುವ ಲಿಂಗಪ್ಪ ತನ್ನ ಟೆಂಪೋದ ಬಾಗಿಲಿಗೆ ಒರಗಿ, "ನಾ ತಕಂತೆ, ನಾ ತಕಂತೆ! ತೂಕಕ್ಕೆ ಹಾಕಿ" ಎಂದು ಹೊಟ್ಟೆ ಹಿಡಿದುಕೊಂಡ.

ನಾನು ಅಲ್ಲೇ ಒಂದು ದೋಣಿಯ ಅಡಿಗೆ ಫೈಬರ್ ಹಚ್ಚುತ್ತಾ ಕೂತಿದ್ದೆ. ಸಿಟ್ಟು ಬಂದದ್ದು ಅವರು ನಕ್ಕಿದ್ದಕ್ಕಲ್ಲ. ಅವ್ವಿಯೂ ನಕ್ಕಳಲ್ಲ, ಅದಕ್ಕೆ. ಸೆರಗು ಬಾಯಿಗೆ ಒತ್ತಿಕೊಂಡು, ಬೇರೆ ಯಾರದೋ ವಿಷಯ ಅನ್ನುವ ಹಾಗೆ ನಕ್ಕಳು. ನಾನು ಬ್ರಷ್ಷನ್ನು ಡಬ್ಬಿಯೊಳಗೆ ಎಸೆದು ಎದ್ದೆ. ಅವ್ವಿ ಕಣ್ಣಲ್ಲೇ "ಕೂತ್ಕ" ಅಂದಳು. ಕೂತೆ.

"ಸಂಕ್ರಾಂತಿ ತನಕ ನೋಡ್ತೆ," ಹೊನ್ನಮ್ಮತ್ತೆ ನಗು ಬಿಟ್ಟು ಹೇಳಿದಳು. "ಇಳೀಲಿಲ್ಲ ಅಂದ್ರೆ ರಂಜಿತಾನ ಹತ್ತಿಸ್ಕಂತೆ. ಬೇಜಾರು ಮಾಡ್ಕಬೇಡ."

ರಂಜಿತಾ ನಮ್ಮ ಕೇರಿಗೆ ಹೊಸದಾಗಿ ಮದುವೆಯಾಗಿ ಬಂದವಳು. ಗಾಳಿ ಬಂದರೆ ಹಾರಿಹೋಗುವಷ್ಟು ಸಪೂರ.

ಇದು ತಮಾಷೆಯ ಮಾತಲ್ಲ ಎಂದು ತಿಳಿಯಬೇಕಾದರೆ ನಮ್ಮ ಕಡೆಯ ಕೆಲಸ ತಿಳಿದಿರಬೇಕು. ಇಳಿತ ಆದಾಗ ಅಘನಾಶಿನಿ ಹೊಳೆಯ ನಡುವೆ ಮರಳಿನ ದಿಬ್ಬ ಮೇಲೇಳುತ್ತದೆ. ಹೆಂಗಸರು ಪಾತಿ ದೋಣಿಯಲ್ಲಿ ಅಲ್ಲಿಗೆ ಹೋಗಿ, ಸೊಂಟದವರೆಗೆ ನೀರಲ್ಲಿ ನಿಂತು, ಕಾಲಿನ ಬೆರಳಲ್ಲೇ ಚಿಪ್ಪಿಕಲ್ಲು ಹುಡುಕಿ, ಮುಳುಗಿ ತೆಗೆಯುತ್ತಾರೆ. ಪಾತಿ ಸಣ್ಣ ದೋಣಿ. ಒಬ್ಬಳು ಮುಂದಿನ ಹಲಗೆಯ ಮೇಲೆ, ಒಬ್ಬಳು ಹಿಂದಿನ ಹಲಗೆಯ ಮೇಲೆ, ನಡುವೆ ಚಿಪ್ಪಿಯ ರಾಶಿ. ಜೋಡಿ ಮಾಡುವಾಗ ಯಾರೂ ಸ್ನೇಹ, ಸಂಬಂಧ ನೋಡುವುದಿಲ್ಲ, ಮೈ ನೋಡುತ್ತಾರೆ. ಇಬ್ಬರೂ ಸಮಸಮ ಇರಬೇಕು. ಒಂದು ತುದಿ ಜಗ್ಗಿದರೆ ಆ ಕಡೆಯ ಅಂಚು ನೀರಿಗೆ ಹತ್ತಿರ ಬರುತ್ತದೆ. ತುಂಬಿದ ದೋಣಿ ವಾಪಸು ಬರುವಾಗ ಭರತದ ನೀರು ಏರುತ್ತಿರುತ್ತದೆ. ತದಡಿ ಬಂದರಿನಿಂದ ಹೊರಟ ದೊಡ್ಡ ಬೋಟು ಒಂದು ಅಲೆ ಎಬ್ಬಿಸಿದರೆ ಸಾಕು, ದೋಣಿಯೊಳಗೆ ನೀರು.

ಅವ್ವಿ ಮತ್ತು ಹೊನ್ನಮ್ಮತ್ತೆ ಇಪ್ಪತ್ತೊಂದು ವರ್ಷದಿಂದ ಜೋಡಿ, ದೋಣಿ ಹೊನ್ನಮ್ಮತ್ತೆಯದು. ನಾನು ಹುಟ್ಟಿದ ವರ್ಷ ಕಟ್ಟಿದ ಜೋಡಿ ಅದು. ಜೋಡಿ ತಪ್ಪಿದ ಹೆಂಗಸನ್ನು ಬೇರೆ ದೋಣಿಯವರು ಹತ್ತಿಸಿಕೊಳ್ಳುವುದಿಲ್ಲ. ಅವರವರ ಜೋಡಿ ಅವರವರಿಗೆ ಇದೆ. ದಂಡೆಯ ಮೇಲೆ ಕೂತು ಬೇರೆಯವರು ತಂದ ಚಿಪ್ಪಿ ಒಡೆದು ಮಾಂಸ ಬಿಡಿಸಬೇಕು, ಅಷ್ಟೆ. ಅವ್ವಿಗೆ ಆಗ ನಲವತ್ತಾರು.

ಹಿಂದಿನ ವರ್ಷದ ದೀಪಾವಳಿಯ ತನಕ ಅವಳು ತೆಳ್ಳಗೇ ಇದ್ದವಳು. ಆಮೇಲೆ ಸೊಂಟದ ಸುತ್ತ ತುಂಬತೊಡಗಿತು. ರವಿಕೆಯ ಬದಿ ಬಿಚ್ಚಿ ಬಿಚ್ಚಿ ಹೊಲಿದಳು. ಕೆಲವು ವಾರ ಕೈ ಬಾತು ಬಳೆ ಅಲ್ಲಾಡುತ್ತಿರಲಿಲ್ಲ, ಮತ್ತೆ ಕೆಲವು ವಾರ ಅದೇ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ದೋಸೆ ಹೊಯ್ಯುತ್ತಾ ಇದ್ದವಳು ಫಕ್ಕನೆ ಎದ್ದು ಬಾವಿಕಟ್ಟೆಗೆ ಓಡಿ, ಒಂದು ಕೊಡ ನೀರು ತಲೆಗೆ ಸುರಿದುಕೊಂಡು ಬರುವಳು. ಮುಖ ಕೆಂಡದ ಹಾಗೆ. ನಾನು ಕೇಳಿದ್ದೇನು? "ದೋಸೆ ಸುಟ್ಟೋತು. ಎಲ್ಲಿ ಸಾಯೂಕೆ ಹೋಗಿದ್ಯೆ?" ಬೇರೆಯವರ ಬಾಯಿಗೆ ಹಾಕಿ ತಪ್ಪಿಸಿಕೊಳ್ಳುವುದು ಬೇಡ, ಇದನ್ನು ಹೇಳಿದ್ದು ನಾನೇ. ನನ್ನ ತಂಗಿ ದೀಕ್ಷಾ ಮಾತ್ರ ನನ್ನ ಕಡೆ ಹೇಸಿಗೆ ನೋಡಿದ ಹಾಗೆ ನೋಡಿದಳು. ಅಪ್ಪ ಮಲ್ಪೆಯ ಬೋಟಿನಲ್ಲಿ. ತಿಂಗಳಿಗೊಮ್ಮೆ ಬರುವವನಿಗೆ ಹೆಂಡತಿ ದಪ್ಪಗಾದದ್ದು ಸುಖದ ಗುರುತಾಗಿ ಕಾಣುತ್ತಿತ್ತು.

ಹೊನ್ನಮ್ಮತ್ತೆ ಆ ಮಾತು ಆಡಿ ಒಂಬತ್ತನೇ ದಿನ. ನಾನು ತದಡಿಯ ದೋಣಿ ರಿಪೇರಿ ಶೆಡ್ಡಿನಲ್ಲಿ ಕೆಲಸದಲ್ಲಿದ್ದೆ. ದಂಡೆಯಿಂದ ಯಾರೋ ಹೆಂಗಸಿನ ಫೋನು ಬಂತು.

"ತಮಾ, ನಿನ್ನ ಅವ್ವಿ ನೀರಲ್ಲಿ ಬಿತ್ತು. ಬಾ ಬೇಗ."

ನಾನು ಹೊಳೆ ದಾಟಿ ಬರುವ ಹೊತ್ತಿಗೆ ಅವಳನ್ನು ದಂಡೆಯ ಮೇಲೆ ಮಲಗಿಸಿದ್ದರು. ಎಚ್ಚರ ಇತ್ತು. ತುಟಿ ಬೆಳ್ಳಗಾಗಿತ್ತು. ಹೊನ್ನಮ್ಮತ್ತೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮುಳುಗಿದವಳನ್ನು ಜುಟ್ಟು ಹಿಡಿದು ಎಳೆದು ತೆಗೆದವಳೂ ಅವಳೇ.

"ಎಂತ ತಿಂದಿದ್ಯೆ ಬೆಳಿಗ್ಗೆ?" ನಾನು ಕೂಗಿದೆ.

ಅವ್ವಿ ಕಣ್ಣು ಮುಚ್ಚಿಕೊಂಡಳು. ಹೊನ್ನಮ್ಮತ್ತೆ ಹೇಳಿದಳು: "ಒಂದು ವಾರದ ಮೇಲಾತು, ಊಟದ ಡಬ್ಬಿ ತರೂದಿಲ್ಲ, ನೀರಿನ ಬಾಟ್ಲಿ ತರೂದಿಲ್ಲ. ಎಂತಕ್ಕೆ ಕೇಳಿದ್ರೆ ದೋಣಿಗೆ ಭಾರ ಆಗ್ತದೆ ಹೇಳ್ತು. ನಾ ತಮಾಷೆ ಅಂದ್ಕಂಡೆ."

ಎರಡು ಲೀಟರ್ ನೀರು, ಎರಡು ಕಿಲೋ. ಡಬ್ಬಿ ಒಂದು ಕಿಲೋ. ಕೈ ನೋಡಿದೆ, ಬಳೆಯೂ ಇಲ್ಲ. ದೋಣಿಯಲ್ಲಿ ತನ್ನ ಜಾಗ ಉಳಿಸಿಕೊಳ್ಳುವುದಕ್ಕೆ ನನ್ನ ಅವ್ವಿ ಗಾಜಿನ ಬಳೆಯ ಭಾರವನ್ನೂ ಬಿಟ್ಟು ಬಂದಿದ್ದಳು. ಮನೆಯಲ್ಲಿ ಎರಡು ಹೊತ್ತೂ ಗಂಜಿಯ ತಿಳಿ ಮಾತ್ರ ಕುಡಿಯುತ್ತಿದ್ದಳು ಎಂಬುದು ನನಗೆ ದೀಕ್ಷಾ ಹೇಳಿದ ಮೇಲೆ ಗೊತ್ತಾಯಿತು. ಒಂದೇ ಒಲೆಯ ಅನ್ನ ಉಣ್ಣುವವನು ನಾನು!

"ನಿಂಗೆಲ್ಲಿ ಗೊತ್ತಾಗ್ತದೆ?" ದೀಕ್ಷಾ ಅಂದಳು. "ಮೂರು ತಿಂಗ್ಳು ಅವಳಿಗೆ ಮುಟ್ಟು ಇಲ್ಲ. ಮತ್ತೆ ಶುರು ಆದ್ರೆ ಹದಿನೈದು ದಿವ್ಸ ನಿಲ್ಲೂದಿಲ್ಲ. ನೀ ದೋಸೆ ಸುಟ್ಟದ್ದು ನೋಡು, ಅಷ್ಟು ಸಾಕು."

ಮಾರನೇ ದಿನ ಬೈಕಿನಲ್ಲಿ ಅವಳನ್ನು ಕುಮಟೆಗೆ ಕರೆದುಕೊಂಡು ಹೋದೆ. ಹೆಂಗಸರ ಡಾಕ್ಟರು. ಹೊರಗೆ ಬೆಂಚಿನ ತುಂಬ ಬಸುರಿಯರು, ಗಂಡಸು ಅಂದರೆ ನಾನೊಬ್ಬ. ನರ್ಸ್ ಬಂದು, "ನಿಮ್ಮ ಹೆಂಡ್ತಿ ಎಲ್ಲಿ?" ಎಂದಳು. "ಹೆಂಡ್ತಿ ಅಲ್ಲ, ತಾಯಿ" ಅಂದೆ. ಇಡೀ ಬೆಂಚು ನನ್ನ ಕಡೆ ತಿರುಗಿತು. ಅವ್ವಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಆಮೇಲೆ ಡಾಕ್ಟರು ನನ್ನನ್ನೂ ಒಳಗೆ ಕರೆದರು. ವಯಸ್ಸಾದ ಹೆಂಗಸು, ಸಾವಕಾಶ ಮಾತು.

"ಮುಟ್ಟು ಒಂದಿವಸ ಫಕ್ಕನೆ ನಿಲ್ಲೂದಲ್ಲ ತಮ್ಮ. ನಿಲ್ಲುವ ಮೊದಲು ನಾಲ್ಕೈದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ, ಮೈಯೊಳಗೆ ಏರುಪೇರು ನಡೀತದೆ. ಹಾರ್ಮೋನು ಒಂದು ವಾರ ಮೇಲೆ, ಒಂದು ವಾರ ಕೆಳಗೆ. ಮೈಗೆ ಬೆಂಕಿ ಬಿದ್ದ ಹಾಗೆ ಆಗ್ತದೆ, ನಿದ್ದೆ ಬರೂದಿಲ್ಲ, ಸುಮ್ಮನೆ ಅಳು ಬರ್ತದೆ. ಸೊಂಟಕ್ಕೆ ಬೊಜ್ಜು ಕೂರ್ತದೆ. ಕೆಲವು ವಾರ ಮೈಯಲ್ಲಿ ನೀರು ನಿಂತು ತೂಕ ಹೆಚ್ಚು ಕಾಣ್ತದೆ, ಮತ್ತೆ ಇಳೀತದೆ. ಇದು ಇವರ ತಪ್ಪಲ್ಲ. ಹೆಚ್ಚು ತಿಂದದ್ದೂ ಅಲ್ಲ, ಸೋಮಾರಿತನವೂ ಅಲ್ಲ."

"ಮತ್ತೆ ಬಿದ್ದದ್ದು?"

"ರಕ್ತ ಎಂಟು ಉಂಟು, ಹನ್ನೆರಡು ಬೇಕಿತ್ತು. ಅಷ್ಟು ಹೋಗಿದೆ. ಅದರ ಮೇಲೆ ಉಪವಾಸ. ಬೀಳದೆ ಏನು? ಕಬ್ಬಿಣದ ಮಾತ್ರೆ ಕೊಡ್ತೆ, ರಕ್ತ ಹೋಗೂದು ಕಮ್ಮಿ ಆಗೂಕೂ ಕೊಡ್ತೆ. ಸ್ಕ್ಯಾನಿನಲ್ಲಿ ಹೆದರುವಂಥದ್ದು ಇಲ್ಲ. ಹೊಟ್ಟೆ ತುಂಬ ಉಣ್ಬೇಕು. ಮೀನು, ಮೊಟ್ಟೆ, ಕಾಳು."

"ತೂಕ ಇಳಿಸೂಕೆ ಮದ್ದು ಕೊಡಿ ಡಾಕ್ಟ್ರೆ. ಸಂಕ್ರಾಂತಿ ಒಳಗೆ ಇಳೀಬೇಕು."

"ಸಂಕ್ರಾಂತಿಗೆ ಎಂತ?"

ನಾನು ದೋಣಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಅದಕ್ಕೆ ನನ್ನ ಹತ್ರ ಮದ್ದಿಲ್ಲ ತಮ್ಮ. ಸಾವಕಾಶ ಒಂದಿಷ್ಟು ಇಳಿಯಬಹುದು. ಆದರೆ ಸಮ ನಿಲ್ಲೂದು ಮಾತ್ರ ಹೇಳಲಿಕ್ಕಾಗೂದಿಲ್ಲ" ಎಂದರು.

ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಇದರ ಪಾಠ ಇತ್ತು. ಮಾಸ್ತರರು ಆ ಹಾಳೆಗಳನ್ನು ಒಟ್ಟಿಗೆ ಮಗುಚಿ, "ಇದನ್ನು ಮನೇಲಿ ಓದ್ಕಳ್ಳಿ" ಅಂದಿದ್ದರು. ಆ ವರ್ಷವೇ ನಾನು ಶಾಲೆ ಬಿಟ್ಟೆ. ಬಿಡದೆ ಕೂತವರು ಓದಿದರೋ? ನನಗೆ ಗೊತ್ತಿದ್ದ ಹಾಗೆ ಒಬ್ಬನೂ ಓದಲಿಲ್ಲ. ಎಲ್ಲರ ಮನೆಯಲ್ಲೂ ತಾಯಿ ಇದ್ದಾಳೆ.

ಆ ಸಿಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡೇ ನಾನು ಎರಡು ದಿನ ಬಿಟ್ಟು ದಂಡೆಗೆ ಹೋದೆ. ಅವ್ವಿಯೂ ಬಂದಿದ್ದಳು, ಸುಮ್ಮನೆ ಕೂತು ಚಿಪ್ಪಿ ಬಿಡಿಸುವುದಕ್ಕೆ. ಅವಳ ಪಕ್ಕದಲ್ಲಿ ಊಟದ ಡಬ್ಬಿ ಇತ್ತು. ಲಿಂಗಪ್ಪ ಅದನ್ನು ನೋಡಿದ.

"ಓಹೋ! ಡಬ್ಬಿ ಬಂತು! ಇನ್ನು ಹೊಳೆ ನೀರು ಎರಡು ಇಂಚು ಮೇಲೆ ಬತ್ತದೆ, ಎಲ್ಲ ಮನೆ ಖಾಲಿ ಮಾಡಿ!"

ಹೆಂಗಸರು ಕಿಸಕ್ಕೆಂದರು. ನಾನು ನಡುವೆ ನುಗ್ಗಿ ಕೂಗಿದೆ.

"ನಗಾಡಿ! ನಗಾಡಿ ಎಲ್ಲರೂ! ನನ್ನ ಅವ್ವಿಗೆ ಮುಟ್ಟು ನಿಲ್ಲೂ ಕಾಲ! ಹದಿನೈದು ಹದಿನೈದು ದಿವ್ಸ ರಕ್ತ ಹೋಗ್ತದೆ, ಮೈಯಲ್ಲಿ ರಕ್ತ ಇಲ್ಲ, ಗೊತ್ತದ್ಯಾ ನಿಮ್ಗೆ? ಡಾಕ್ಟ್ರು ಹೇಳಿದಾರೆ! ಲಿಂಗಪ್ಪಾ, ನಿನ್ನ ಹೆಂಡ್ತೀನ ಕೇಳು ಹೋಗು!"

ಇನ್ನೂ ಏನೇನೋ ಕೂಗಿದೆ. ಸ್ಕ್ಯಾನಿನ ವಿಷಯವನ್ನೂ ಕೂಗಿದೆ. ನಿಲ್ಲಿಸಿದಾಗ ದಂಡೆಯ ಮೇಲೆ ಒಬ್ಬರೂ ನಗುತ್ತಿರಲಿಲ್ಲ. ಗೆದ್ದೆ ಅಂದುಕೊಂಡೆ. ತಿರುಗಿ ನೋಡಿದರೆ ಅವ್ವಿ ಇರಲಿಲ್ಲ. ಡಬ್ಬಿ ಅಲ್ಲೇ ಇತ್ತು, ಅರ್ಧ ಬಿಡಿಸಿದ ಚಿಪ್ಪಿ ಅಲ್ಲೇ ಇತ್ತು.

ಮನೆಯಲ್ಲಿ ಅವಳು ನನ್ನ ಹತ್ತಿರ ನಾಲ್ಕು ದಿನ ಮಾತಾಡಲಿಲ್ಲ. ಊಟ ಬಡಿಸುವಳು, ಹೋಗುವಳು. ಐದನೇ ದಿನ ನಾನೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ನಿನ್ನ ಪರ ಮಾತಾಡಿದ್ದಕ್ಕೆ ಈ ಶಿಕ್ಷೆಯಾ ಅವ್ವಿ?"

ಅವಳು ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅವ್ರು ನನ್ನ ಮೈ ನೋಡಿ ನಕ್ಕಿದ್ರು. ನೀನು ಸೀರೆ ಬಿಚ್ಚಿ ತೋರಿಸ್ದೆ."

ಇಷ್ಟೇ ಹೇಳಿದಳು. ನನಗೆ ಯಾರಾದರೂ ಕಪಾಳಕ್ಕೆ ಹೊಡೆದರೆ ತಿರುಗಿ ಹೊಡೆಯುವುದು ಗೊತ್ತು. ಇದಕ್ಕೆ ಏನು ಮಾಡಬೇಕು ಎಂದು ಗೊತ್ತಾಗಲಿಲ್ಲ. ಸಂಕ್ರಾಂತಿಗೆ ಹದಿಮೂರು ದಿನ ಉಳಿದಿತ್ತು, ಅವ್ವಿ ದಂಡೆಗೆ ಹೋಗುವುದನ್ನೇ ಬಿಟ್ಟಿದ್ದಳು. ಅದು ನಾನು ಮಾಡಿದ್ದು. ಲಿಂಗಪ್ಪ ಅಲ್ಲ, ಹೊನ್ನಮ್ಮತ್ತೆ ಅಲ್ಲ.

ನನಗೆ ಗೊತ್ತಿರುವುದು ದೋಣಿಯ ಕೆಲಸ ಒಂದೇ. ಡಾಕ್ಟರು ಹೇಳಿದ ಮಾತು ಕಿವಿಯಲ್ಲಿತ್ತು, ಸಮ ನಿಲ್ಲುವುದಿಲ್ಲ. ಮೈ ಸಮ ನಿಲ್ಲದಿದ್ದರೆ ಹಲಗೆ ಸರಿಯಬೇಕು. ಒಂದು ತುದಿ ಭಾರವಾದರೆ ಆ ತುದಿಯಲ್ಲಿ ಕೂತವರು ನಡುವಿಗೆ ಒಂದು ಗೇಣು ಸರಿದರೆ ದೋಣಿ ನೆಟ್ಟಗಾಗುತ್ತದೆ. ಇದು ದೋಣಿಯವರಿಗೆಲ್ಲ ಗೊತ್ತಿರುವ ವಿಷಯ. ಆದರೆ ನಮ್ಮ ಕಡೆಯ ಪಾತಿಗಳಲ್ಲಿ ಹಲಗೆಯನ್ನು ಮೊಳೆ ಹೊಡೆದೇ ಕೂರಿಸುತ್ತಾರೆ. ಅಜ್ಜಂದಿರ ಕಾಲದಿಂದ ಹಾಗೇ, ಹೆಂಗಸರ ಮೈಯೂ ಮೊಳೆ ಹೊಡೆದಂತೆ ಒಂದೇ ಸಮ ಇರುತ್ತದೆ ಅನ್ನುವ ಹಾಗೆ.

ಹೊನ್ನಮ್ಮತ್ತೆಯ ಮನೆಗೆ ಹೋಗಿ, "ಎರಡು ದಿವ್ಸಕ್ಕೆ ದೋಣಿ ಬೇಕು" ಅಂದೆ.

"ಎಂತಕ್ಕಾ? ಸುಟ್ಟು ಹಾಕೂಕಾ?"

"ಹಲಗೆ ಬದಲ್ಸೂಕೆ."

ಏನು ಮಾಡುತ್ತೇನೆ ಎಂದು ಹೇಳಿದೆ. ಅವಳು ಅಂಗಳದ ಮೆಟ್ಟಿಲ ಮೇಲೆ ಕೂತಳು.

"ಹೋದ ತಿಂಗ್ಳು ವಾಪಸ್ ಬರೂವಾಗ ಹಿಂದಿನ ಅಂಚು ದಾಟಿ ನೀರು ಒಳಗೆ ಬಂತು ತಮಾ. ನಂಗೆ ಈಗ ಮೊದಲಿನಂಗೆ ಈಜೂಕೆ ಆಗೂದಿಲ್ಲ. ಹೆದರ್ಕೆ ಆಗ್ತದೆ ಹೇಳೂಕೆ ನಾಚ್ಕೆ ಆತು. ಬೈಯೂಕೆ ನಾಚ್ಕೆ ಆಗ್ಲಿಲ್ಲ ನೋಡು."

"ಹತ್ತು ಜನರ ಎದ್ರು ಬೈಬೇಕಿತ್ತಾ?"

"ನೀ ಎಷ್ಟು ಜನರ ಎದ್ರು ಕೂಗ್ದೆ?"

ಅವಳು ಕಣ್ಣೊರೆಸಿಕೊಂಡಳು.

"ನಂಗೆ ಆ ಕಾಲ ಬಂದದ್ದು ಆರು ವರ್ಷದ ಹಿಂದೆ. ನಾ ದಪ್ಪ ಆಗ್ಲಿಲ್ಲ, ಕರಗಿ ಹೋದೆ. ಊಟ ಸೇರೂದಿಲ್ಲ, ನಿದ್ದೆ ಇಲ್ಲ. ಹಗುರ ಆದ್ರೂ ದೋಣಿ ಸಮ ಆಗೂದಿಲ್ಲ ಅಲ್ದಾ? ಆದ್ರೆ ನಮ್ಮ ದೋಣಿ ಸಮನೇ ಹೋಗ್ತಿತ್ತು. ಒಂದಿವ್ಸ ನನ್ನ ಹಲಗೆ ಅಡಿಗೆ ಕೈ ಹಾಕ್ತೆ, ಕಲ್ಲು! ಗೋಣಿಚೀಲದಲ್ಲಿ ಸುತ್ತಿ ಇಟ್ಟದ್ದು. ನಿನ್ನ ಅವ್ವಿ ದಿನಾ ನಾ ಬರೂಕೆ ಮೊದ್ಲು ಬಂದು, ಹಿಂದಿನ ದಿವ್ಸ ನೋಡಿದ ನನ್ನ ಮೋರೆ ನೆನಸ್ಕಂಡು, ಒಂದು ಕಲ್ಲು ಹಾಕೂದು, ಒಂದು ತೆಗೂದು. ಮೂರು ತಿಂಗ್ಳು. ಯಾರಿಗೂ ಹೇಳ್ಲಿಲ್ಲ. ನಂಗೂ ಹೇಳ್ಲಿಲ್ಲ."

"ಅದು ಗೊತ್ತಿದ್ದೂ ನೀನು..."

"ಗೊತ್ತಿದ್ದೂ ಹೌದು," ಅಂದಳು. "ತಕಂಡು ಹೋಗು ದೋಣಿ."

ಹಲಸಿನ ಹಲಗೆ ತಂದೆ. ಹಳೆಯ ಮೊಳೆಗಳನ್ನೆಲ್ಲ ಕಿತ್ತೆ. ದೋಣಿಯ ಒಳಬದಿಗೆ ಎರಡೂ ಕಡೆ ದಪ್ಪ ಮರದ ರೀಪು ಕೂರಿಸಿ, ಒಂದೊಂದರಲ್ಲಿ ನಾಲ್ಕು ನಾಲ್ಕು ಕಚ್ಚು ಕಡಿದೆ. ಹಲಗೆಯನ್ನು ಎತ್ತಿ ಬೇಕಾದ ಕಚ್ಚಿಗೆ ಇಳಿಸಿದರೆ ಗಟ್ಟಿಯಾಗಿ ಕೂರುತ್ತದೆ. ಅವ್ವಿ ಕೂರುವ ಹಿಂದಿನ ತುದಿಗೆ ಮಾತ್ರ ಅಲ್ಲ, ಮುಂದಿನ ತುದಿಗೂ ಹಾಗೇ ಮಾಡಿದೆ. ಒಬ್ಬಳ ಹಲಗೆ ಮಾತ್ರ ಸರಿಯುವುದಾದರೆ ಅದನ್ನೂ ನೋಡಿ ನಗುವವರು ಇದ್ದಾರೆ. ಆಮೇಲೆ ಎರಡೂ ತುದಿಯ ಹೊರಮೈಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದೆ. ಮರಳಿನ ಚೀಲ ಹೇರಿ, ತೆಗೆದು, ಮತ್ತೆ ಹೇರಿ, ಒಂದು ಇಡೀ ಮಧ್ಯಾಹ್ನ ನೀರಲ್ಲಿ ನಿಂತು ನೋಡಿದೆ. ನೀರು ಗೆರೆ ಮುಟ್ಟಿದರೆ ಆ ಕಡೆಯ ಹಲಗೆ ಒಂದು ಕಚ್ಚು ಒಳಗೆ. ಗೆರೆ ಪೂರ್ತಿ ಮೇಲೆ ಕಂಡರೆ ಒಂದು ಕಚ್ಚು ಹೊರಗೆ. ಯಾರ ತೂಕ ಎಷ್ಟು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಕೆಲಸ ಮುಗಿದ ಸಂಜೆ ಹೊನ್ನಮ್ಮತ್ತೆ ನಮ್ಮ ಮನೆಗೆ ಬಂದಳು. ನಾನು ಹೊರಗೇ ಉಳಿದೆ.

"ನಾಳೆ ಎಂಟಕ್ಕೆ ಇಳಿತ," ಒಳಗೆ ಹೊನ್ನಮ್ಮತ್ತೆ ಅನ್ನುವುದು ಕೇಳಿಸಿತು.

"ರಂಜಿತಾಗೆ ಹೇಳು ಹೋಗು."

"ಅವಳಿಗೆ ಹುಟ್ಟು ಹಿಡಿಯೂಕೇ ಬರೂದಿಲ್ಲ. ದೋಣಿ ಗೋಲ ತಿರಗ್ತದೆ."

"ಕಲ್ಸು."

"ನೀ ಬಂದು ಕಲ್ಸು. ನನ್ನ ಬಾಯಿ ಹುಳ ಬಿದ್ದು ಹೋಗ್ಲಿ ಮಾರಾಯ್ತಿ, ತಪ್ಪಾತು. ಡಬ್ಬಿ ಎರಡು ತಕಂಡು ಬಾ. ನನ್ನ ಮನೇಲಿ ಸಾರು ಮಾಡ್ಲಿಲ್ಲ."

ಒಳಗೆ ಅವ್ವಿ ನಕ್ಕದ್ದು ಕೇಳಿಸಿತು. ಆಮೇಲೆ ಇಬ್ಬರೂ ಅತ್ತರು. ದೀಕ್ಷಾ ಹೊರಗೆ ಬಂದು ನನ್ನ ಪಕ್ಕ ನಿಂತು, "ಒಳಗೆ ಹೋಗ್ಬೇಡ" ಅಂದಳು. ನಾನು ಹೋಗುವವನೂ ಅಲ್ಲ.

ಬೆಳಿಗ್ಗೆ ದಂಡೆಯ ಮೇಲೆ ಎಲ್ಲರೂ ಇದ್ದರು. ಅವ್ವಿ ಎಂಟು ಹತ್ತು ದಿನದ ನಂತರ ಬಂದವಳು ಯಾರ ಮುಖವನ್ನೂ ನೋಡಲಿಲ್ಲ. ಕೈಯಲ್ಲಿ ಎರಡು ಡಬ್ಬಿ, ನೀರಿನ ಬಾಟ್ಲಿ. ಹಿಂದಿನ ಹಲಗೆಯ ಮೇಲೆ ಕೂತಳು. ಹೊನ್ನಮ್ಮತ್ತೆ ಬಗ್ಗಿ ಕೆಂಪು ಗೆರೆ ನೋಡಿದಳು. ನೀರು ಗೆರೆ ಮುಟ್ಟಿತ್ತು. ಇಬ್ಬರೂ ಎದ್ದು, ಹಲಗೆ ಎತ್ತಿ, ಒಂದು ಕಚ್ಚು ಒಳಗೆ ಇಳಿಸಿ, ಮತ್ತೆ ಕೂತರು. ಹಿಂದಿನ ತುದಿ ಮೇಲೆ ಬಂತು. ದೋಣಿ ನೆಟ್ಟಗೆ ನಿಂತಿತು. ಪಕ್ಕದ ದೋಣಿಯ ಹೆಂಗಸೊಬ್ಬಳು ತನ್ನ ಹಲಗೆಯ ಮೊಳೆಗಳನ್ನು ಕಾಲಿನಿಂದ ಮುಟ್ಟಿ ನೋಡಿಕೊಂಡಳು.

ನಾನು ನೀರಿಗಿಳಿದು ದೋಣಿ ದೂಡಿದೆ. ದಂಡೆಗೆ ಬಂದು, ಬೇಕಾದೀತೆಂದು ತಂದಿದ್ದ ಹತಾರಗಳನ್ನು ಚೀಲಕ್ಕೆ ತುಂಬತೊಡಗಿದೆ.

"ಏ ವಿಶಾಲ!" ಲಿಂಗಪ್ಪ ಟೆಂಪೋದ ಹತ್ತಿರದಿಂದ ಕೂಗಿದ, ಎಲ್ಲರಿಗೂ ಕೇಳುವ ಹಾಗೆ. "ಎಂತದಾ, ನಿನ್ನ ಅವ್ವಿಗೆ ಈಗ ಹೇಗದೆ? ನಿಂತೋಯ್ತಾ, ಇನ್ನೂ ಇದ್ಯಾ? ಊರಿಗೆಲ್ಲ ವರದಿ ಕೊಡೂದು ನೀನೇ ಅಲ್ದಾ, ಹೇಳಾ!"

ಒಬ್ಬಿಬ್ಬರು ನಕ್ಕರು. ಉಳಿದವರು ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಅವನ ಹಲ್ಲು ಎಷ್ಟು ದೂರದಲ್ಲಿದೆ ಎಂದೂ ಗೊತ್ತಿತ್ತು, ಹದಿನಾಲ್ಕು ಹೆಜ್ಜೆ. ಹತ್ತು ಮಾರು ಆಚೆ ದೋಣಿಯಲ್ಲಿ ಅವ್ವಿ ಹುಟ್ಟು ಹಾಕುವುದನ್ನು ನಿಲ್ಲಿಸಿದ್ದಳು. ಅವಳು ಲಿಂಗಪ್ಪನ ಕಡೆ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ನಾನು ಸುತ್ತಿಗೆಯನ್ನು ಚೀಲದೊಳಗೆ ಹಾಕಿದೆ. ಉಳಿ ಹಾಕಿದೆ. ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದೆ.

"ಕಿವಿ ಕೇಳೂದಿಲ್ವಾ ನಿಂಗೆ?" ಲಿಂಗಪ್ಪ ಮತ್ತೆ ಕೂಗಿದ. "ಏ! ನಿನ್ನೇ ಕೇಳ್ದೆ!"

ಹಿಂದೆ ನೀರಿಗೆ ಹುಟ್ಟು ಬಿದ್ದ ಸದ್ದು ಕೇಳಿಸಿತು, ಒಂದಾದ ಮೇಲೆ ಒಂದು. ನಾನು ಅವನ ಎದುರಿನಿಂದಲೇ ಟೆಂಪೋ ದಾಟಿ, ರಸ್ತೆಗೆ ಹತ್ತಿ, ನಡೆದುಕೊಂಡು ಹೋದೆ.